ಒಂದು ಪೈಸೆ ಉಳೀತು

ದರ್ಶಿನಿಯಲ್ಲಿ ಎರಡು ಕಾಫಿಗೆ 40 ರೂಪಾಯಿ ಕೊಟ್ಟು ಟೋಕನ್ ತಂದ ನಾಣಿ, ಕೂಡಲೇ ಮೊಬೈಲ್ ತೆಗೆದ.

“ಸ್ಪ್ಲಿಟ್ ಮಾಡಿದೀನಿ. ಮೂವರಿಗೆ ತಲಾ 13 ರೂಪಾಯಿ 33 ಪೈಸೆ.”

“ಉಳಿದ 1 ಪೈಸೆ?” ಎಂದ ಸುಬ್ಬು.

“ಆ್ಯಪ್ ನೋಡ್ಕೊಳ್ಳುತ್ತೆ.”

“ಏನೋ ಅದು, ಎತ್ತಿದ್ದಕ್ಕೆಲ್ಲ ಸ್ಪ್ಲಿಟ್ಟು? ಸೌದೆ ಸೀಳ್ತೀವಿ, ಬೇಳೆ ಒಡೀತೀವಿ, ಕುಂಬಳಕಾಯಿ ಹೋಳು ಮಾಡ್ತೀವಿ, ಆಸ್ತಿ ಪಾಲು ಮಾಡ್ಕೋತೀವಿ, ಪ್ರಸಾದ ಹಂಚ್ತೀವಿ. ನಾಳೆ ಸತ್ಯನಾರಾಯಣ ಪೂಜೇಲಿ ಸಪಾದ ಸ್ಪ್ಲಿಟ್ ಮಾಡಿ ಅಂತೀಯಾ?”

ಸೀನನಿಗೆ ತನ್ನ ದುಃಖ ನೆನಪಾಯಿತು. “ನನ್ನ ಷೇರೂ ಸ್ಪ್ಲಿಟ್ ಆಯ್ತು ಕಣೋ. ಒಂದಿದ್ದದ್ದು ಎರಡಾಯ್ತು ಅಂತ ಮನೆಯವರಿಗೆಲ್ಲ ಸ್ವೀಟ್ ಕೊಡಿಸಿದೆ. ನೋಡಿದ್ರೆ ಬೆಲೆ ಅರ್ಧ!”

“ಬೈ ಟೂ ಕಾಫಿ ಅದು. ಕಪ್ಪು ಎರಡು, ಕಾಫಿ ಅಷ್ಟೇ.”

“ಬೈ ಟೂ ಇಂಗ್ಲಿಷಲ್ವಾ?” ನಾಣಿ ಹಿಡಿದುಬಿಟ್ಟ.

“ಅದು ಬೆಂಗಳೂರು ಕನ್ನಡ. ಲಂಡನ್ನಿನಲ್ಲಿ ಬೈ ಟೂ ಕೇಳಿ ನೋಡು, ಗೊತ್ತಾಗುತ್ತೆ. ನಿನ್ನ ಸ್ಪ್ಲಿಟ್ಟು ಡಚ್ಚರಿಂದ ಇಂಗ್ಲಿಷಿಗೆ ಬಂದದ್ದು, 16ನೇ ಶತಮಾನದಲ್ಲಿ. ಬಂಡೆಗೆ ಬಡಿದು ಹಡಗು ಸೀಳಿದ್ರೆ ಹಾಗಂತಿದ್ರು. ಅಂಥದ್ದನ್ನ ತಂದು ಕಾಫಿ ಕಪ್ಪಿಗೆ ಹಾಕಿದೀಯ.”

“ನಮ್ಮನೇಲೂ ಸ್ಪ್ಲಿಟ್ ಎಸಿ ಇದೆಯಪ್ಪ,” ಎಂದ ಸೀನ. “ತಣ್ಣಗಿರೋದು ಒಳಗೆ. ಬಿಸಿಗಾಳಿ ಬಿಟ್ಕೊಂಡು ಗೊರಗುಟ್ಟೋದು ಹೊರಗೆ.”

“ರಿಟೈರಾದ ಮೇಲೆ ನಾನೂ ಆ ಹೊರಗಿನ ಡಬ್ಬಾನೇ. ಅದಕ್ಕೇ ದಿನಾ ಇಲ್ಲಿ ಬಂದು ನಿಲ್ತೀನಿ.”

“ಅಮೆರಿಕದಲ್ಲಿ ಎದ್ದು ಹೊರಡೋದಕ್ಕೂ ಸ್ಪ್ಲಿಟ್ ಅಂತಾರಂತೆ,” ನಾಣಿ ಬಿಡಲಿಲ್ಲ.

“ಅದೊಂದು ಸರಿಯಾಗಿದೆ. ರಘು ಹೊರಟು ಆರು ತಿಂಗಳಾಯ್ತಲ್ವಾ?”

ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಕೌಂಟರಿನವನು ಕಾಫಿ ಇಟ್ಟ. ನಾಲ್ಕು ಕಪ್ಪು.

“ಟೂ ಬೈ ತ್ರೀ ಹೇಳಲಿಲ್ವೇನೋ?”

“ಟೂ ಬೈ ಫೋರ್ ಅಂದ್ಬಿಟ್ಟೆ. ಇಪ್ಪತ್ತು ವರ್ಷದ ಅಭ್ಯಾಸ.”

ಮೂವರೂ ತಮ್ಮ ತಮ್ಮ ಕಪ್ಪು ಎತ್ತಿಕೊಂಡರು. ನಾಲ್ಕನೆಯದರ ಮೇಲೆ ಕೆನೆ ಕಟ್ಟತೊಡಗಿತು. ಚಿಕ್ಕಂದಿನಲ್ಲಿ ಒಂದು ಪೆಪ್ಪರಮೆಂಟನ್ನು ಅಂಗಿಯೊಳಗಿಟ್ಟು ಕಚ್ಚಿ, ಗುಬ್ಬಿ ಎಂಜಲು ಮಾಡಿ ಹಂಚಿಕೊಂಡವರು. ಈ ಒಂದು ಕಪ್ಪಿಗೆ ಯಾರೂ ಕೈ ಹಾಕಲಿಲ್ಲ.

ನಾಣಿ ಮೊಬೈಲ್ ನೋಡುತ್ತ ಮೆಲ್ಲಗೆ ಕೇಳಿದ: “ಆ್ಯಪಿನಲ್ಲಿ ಇನ್ನೂ ರಘು ಹೆಸರಿದೆ. ನಾಲ್ಕು ಪಾಲು ಮಾಡ್ಲಾ? ಲೆಕ್ಕ ಸರಿಯಾಗುತ್ತೆ, ತಲಾ 10 ರೂಪಾಯಿ.”

“ಮಾಡು. ದುಡ್ಡು ಯಾಕೆ ಅಂತ ಜಗಳ ಆಡೋಕಾದ್ರೂ ಫೋನ್ ಮಾಡ್ತಾನೆ.”