‘ಎ ಬ್ಯಾಗ್ ಆಫ್ ಅರೆಕನಟ್ಸ್’ ಎಂಬಲ್ಲಿ ಮುಖ್ಯ ನಾಮಪದ ಯಾವುದು?

ಪ್ರಶ್ನೆ: ಬದಿಯಡ್ಕದ ಶಿಕ್ಷಕಿ

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ‘ಎ ಬ್ಯಾಗ್ ಆಫ್ ಅರೆಕನಟ್ಸ್ ವರ್ ಸೋಲ್ಡ್’ ಎಂದು ಬರೆದಿದ್ದ. ನಾನು ‘ವಾಸ್’ ಎಂದು ತಿದ್ದಿ, ‘ಆಫ್’ಗಿಂತ ಮೊದಲಿನ ನಾಮಪದವೇ ಮುಖ್ಯ, ಕ್ರಿಯಾಪದ ಅದನ್ನೇ ಅನುಸರಿಸಬೇಕು ಎಂದು ವಿವರಿಸಿದೆ. ಅವನು ಕೂಡಲೇ, ‘ಹಾಗಾದರೆ ಎ ಲಾಟ್ ಆಫ್ ಪೀಪಲ್ ವರ್ ಎನ್ನುವುದು ತಪ್ಪೇ ಟೀಚರ್?’ ಎಂದು ಕೇಳಿದ. ನಾಳೆ ಹೇಳುತ್ತೇನೆಂದು ಬಂದಿದ್ದೇನೆ. ಎರಡಕ್ಕೂ ಹೊಂದುವ ವಿವರಣೆಯನ್ನು ದಯವಿಟ್ಟು ತಿಳಿಸಿ.

ಉತ್ತರ: ಮಂಜೇಶ್ವರದಿಂದ

ಮಾರಾಟವಾದದ್ದು ಅಡಿಕೆಯೇ ಹೊರತು ಚೀಲವಲ್ಲ. ಅರ್ಥವನ್ನು ನೋಡಿದರೆ ಹುಡುಗ ಬರೆದದ್ದೇ ಸರಿ ಎಂದು ನನಗೆ ತೋರುತ್ತದೆ.

ಉತ್ತರ: ಪೆರ್ಲದ ನಿವೃತ್ತ ಅಧ್ಯಾಪಕ

ಮಂಜೇಶ್ವರದವರ ಮಾತು ಕನ್ನಡಕ್ಕೆ ಸಲ್ಲುತ್ತದೆ, ಇಂಗ್ಲಿಷಿಗಲ್ಲ. ‘ಎರಡು ಚೀಲ ಅಡಿಕೆಯನ್ನು ಕೊಟ್ಟೆ’ ಎನ್ನುವಾಗ ವಿಭಕ್ತಿ ಪ್ರತ್ಯಯ ಹತ್ತುವುದು ಅಡಿಕೆಗೆ. ಚೀಲ ಬರಿಯ ಅಳತೆ. ಮಲಯಾಳದ ‘ರಂಡ್ ಚಾಕ್ಕ್ ಅಡಕ್ಕ’ವೂ ಇದೇ ಕ್ರಮದ್ದು. ಎರಡೂ ಭಾಷೆಗಳ ನಡುವೆ ಬೆಳೆದ ನಮ್ಮ ಕಾಸರಗೋಡಿನ ಮಕ್ಕಳು ಕೊನೆಯ ಪದವನ್ನೇ ಮುಖ್ಯವೆಂದು ಹಿಡಿಯುವುದು ಸಹಜ, ಅದಕ್ಕಾಗಿ ಅವರನ್ನು ಗದರಬಾರದು.

ಇಂಗ್ಲಿಷಿನಲ್ಲಿ ‘ಬ್ಯಾಗ್’ ನಿಜವಾದ ವಸ್ತು. ‘ತ್ರೀ ಬ್ಯಾಗ್ಸ್’ ಎಂದು ಎಣಿಸಬಹುದು, ಆದ್ದರಿಂದ ಕ್ರಿಯಾಪದ ಅದರ ವಚನವನ್ನೇ ಅನುಸರಿಸುತ್ತದೆ. ಆದರೆ ‘ಬಹಳ’ ಎಂಬ ಅರ್ಥದ ‘ಲಾಟ್’ ಅನ್ನು ಹಾಗೆ ‘ತ್ರೀ ಲಾಟ್ಸ್’ ಎಂದು ಎಣಿಸಲಾಗದು. 2002ರಲ್ಲಿ ಪ್ರಕಟವಾದ ತಮ್ಮ ಬೃಹತ್ ಇಂಗ್ಲಿಷ್ ವ್ಯಾಕರಣದಲ್ಲಿ ಭಾಷಾವಿಜ್ಞಾನಿಗಳಾದ ಹಡಲ್‌ಸ್ಟನ್ ಮತ್ತು ಪುಲಮ್, ‘ಲಾಟ್’ ಮುಖ್ಯಪದವೇ ಆದರೂ ವಚನದ ಮಟ್ಟಿಗೆ ಅದು ಪಾರದರ್ಶಕ ಎನ್ನುತ್ತಾರೆ. ಅಂದರೆ ‘ಆಫ್’ನ ನಂತರದ ಪದದ ವಚನ ಅದನ್ನು ಹಾಯ್ದು ಕ್ರಿಯಾಪದವನ್ನು ಮುಟ್ಟುತ್ತದೆ. ‘ಎ ಲಾಟ್ ಆಫ್ ವಾಟರ್ ವಾಸ್’, ‘ಎ ಲಾಟ್ ಆಫ್ ಪೀಪಲ್ ವರ್’ ಎರಡೂ ಸರಿಯಾಗುವುದು ಹೀಗೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು ಸರ್. ‘ನಂಬರ್’ ಯಾವ ಗುಂಪಿಗೆ ಸೇರುತ್ತದೆ?

ಉತ್ತರ: ಪೆರ್ಲದ ನಿವೃತ್ತ ಅಧ್ಯಾಪಕ

ಎರಡಕ್ಕೂ ಸೇರುತ್ತದೆ. ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ. ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಹ್ಯಾವ್ ಕಮ್’ ಎಂದರೆ ಹಲವು ವಿದ್ಯಾರ್ಥಿಗಳು ಬಂದಿದ್ದಾರೆ, ಬಂದವರು ವಿದ್ಯಾರ್ಥಿಗಳು. ‘ದ ನಂಬರ್ ಆಫ್ ಸ್ಟೂಡೆಂಟ್ಸ್ ಹ್ಯಾಸ್ ಫಾಲನ್’ ಎಂದರೆ ವಿದ್ಯಾರ್ಥಿಗಳ ಸಂಖ್ಯೆ ಇಳಿದಿದೆ, ಇಳಿದದ್ದು ಸಂಖ್ಯೆ. ಅನುವಾದದಲ್ಲಿ ‘ವಿದ್ಯಾರ್ಥಿಗಳ’ ಎಂಬ ಷಷ್ಠಿ ಬಂದರೆ ‘ನಂಬರ್’ ಏಕವಚನವಾಗಿಯೇ ನಿಂತಿದೆಯೆಂದು ತಿಳಿಯಿರಿ. ನಾಳೆ ಈ ಎರಡು ವಾಕ್ಯಗಳನ್ನೂ ಹಲಗೆಯ ಮೇಲೆ ಬರೆದು, ಕನ್ನಡಕ್ಕೆ ತಿರುಗಿಸುವ ಕೆಲಸವನ್ನು ಆ ಹುಡುಗನಿಗೇ ಕೊಡಿ.