ವರ್ಷದ ನಡುವೆಯೇ ಊರಿಗೆ ಹೋದ ಮಕ್ಕಳನ್ನು ವಾರ್ಷಿಕ ವರದಿಯಲ್ಲಿ ಹೇಗೆ ದಾಖಲಿಸಬೇಕು?

ಪ್ರಶ್ನೆ: ಮುಖ್ಯಾಧ್ಯಾಪಕಿ, ಮುಂಬಯಿ

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಒಂದು ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯ ಹೊಣೆ ಹೊತ್ತು ನನಗಿದು ಆರನೆಯ ವರ್ಷ. ಪರೀಕ್ಷೆಗಳು ಮುಗಿದಿವೆ, ಮೇ 1ರಂದು ಧ್ವಜವಂದನೆಯ ನಂತರ ಪ್ರಗತಿ ಪುಸ್ತಕ ಹಂಚಬೇಕು. ಆದರೆ ಆಡಳಿತ ಮಂಡಳಿಗೆ ಕೊಡಬೇಕಾದ ವಾರ್ಷಿಕ ವರದಿಯನ್ನು ಮೂರು ದಿನಗಳಿಂದ ಮುಗಿಸಲಾಗಿಲ್ಲ. ಪರೀಕ್ಷೆಗೆ ಕುಳಿತವರೆಲ್ಲರೂ ತೇರ್ಗಡೆಯಾದರು ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಜೂನ್‌ನಲ್ಲಿ ನಾಲ್ಕನೆಯ ತರಗತಿಯ ಹಾಜರಿ ಪುಸ್ತಕದಲ್ಲಿ 19 ಹೆಸರುಗಳಿದ್ದವು. ಪರೀಕ್ಷೆಗೆ ಕುಳಿತವರು 13 ಮಕ್ಕಳು.

ಉಳಿದ ಆರೂ ಮಕ್ಕಳು ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳವರು. ಸಂಕ್ರಾಂತಿಗೆ ಯಾದಗಿರಿ ಕಡೆಯ ಮೈಲಾಪುರದ ಜಾತ್ರೆಗೆಂದು ಇಬ್ಬರು, ಹೋಳಿ ಹುಣ್ಣಿಮೆ ಕಳೆದ ಮೇಲೆ ಕಲಬುರಗಿಯ ಶರಣಬಸವೇಶ್ವರರ ತೇರಿಗೆಂದು ನಾಲ್ವರು ಊರಿಗೆ ಹೋದವರು ಮರಳಲಿಲ್ಲ. ನಮ್ಮಲ್ಲಿ ಪರೀಕ್ಷೆ ನಡೆಯುವ ಏಪ್ರಿಲ್‌ನಲ್ಲಿ ಅಲ್ಲಿಯ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿರುತ್ತದೆ. ಹೀಗಾಗಿ ಈ ಮಕ್ಕಳು ಎರಡೂ ಕಡೆಯ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಅವರಲ್ಲೊಬ್ಬಳ ಗಣಿತದ ಪಟ್ಟಿ (ನೋಟ್‌ಬುಕ್) ಕಪಾಟಿನಲ್ಲಿ ಸಿಕ್ಕಿತು. ಕೊನೆಯ ಪುಟದಲ್ಲಿ 96ನ್ನು 7ರಿಂದ ಭಾಗಿಸುವ ಲೆಕ್ಕವಿದೆ, 13 ಎಂದು ಬರೆದಿದ್ದಾಳೆ, ಶೇಷ ಬರೆದಿಲ್ಲ. ಜನವರಿಯಲ್ಲೇ ಆಕೆಯ ತಾಯಿ ಬಂದು, ಊರಿಗೆ ಹೋದರೆ ಹುಡುಗಿಯ ಶಾಲೆಯ ಗತಿಯೇನು ಎಂದು ಕೇಳಿದ್ದರು. ಪರೀಕ್ಷೆ ಮುಗಿಸಿ ಹೋಗಿ ಎಂದಷ್ಟೇ ಹೇಳಿ ಕಳುಹಿಸಿದೆ. ಆ ತಪ್ಪು ನನ್ನದೇ. ಈ ಆರು ಮಕ್ಕಳನ್ನು ವರದಿಯಲ್ಲಿ ಹೇಗೆ ಬರೆಯಬೇಕು, ಮತ್ತು ಈಗಲೂ ಅವರಿಗಾಗಿ ಏನು ಮಾಡಬಹುದು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಮುಖ್ಯಾಧ್ಯಾಪಕ, ಪುಣೆ

ಮೇಡಂ, ವರದಿಯ ಮೊದಲ ಪುಟದಲ್ಲೇ 19 ಮತ್ತು 13 ಎರಡನ್ನೂ ಬರೆಯಿರಿ, ಪ್ರತಿ ಮಗು ಯಾವ ತಿಂಗಳಲ್ಲಿ ಯಾವ ಊರಿಗೆ ಹೋಯಿತೆಂಬುದನ್ನೂ ಸೇರಿಸಿ. ಮಂಡಳಿಯವರಿಗೆ ಓದಲು ಹಿತವಾಗದಿದ್ದರೂ ಮುಂದಿನ ವರ್ಷದ ವ್ಯವಸ್ಥೆಗೆ ಬೇಕಾದ ಮಾಹಿತಿ ಅದೇ.

ಶಾಲೆ ಬಿಟ್ಟ ದಾಖಲೆಯನ್ನು, ಅಂದರೆ ವರ್ಗಾವಣೆ ಪತ್ರವನ್ನು, ಪಾಲಕರು ಬಂದು ಕೇಳಲಿ ಎಂದು ಕಾಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮಗು ರಾಜ್ಯದ ಒಳಗಾಗಲಿ ಹೊರಗಾಗಲಿ ಬೇರೆ ಶಾಲೆಗೆ ಹೋಗುವಾಗ ಮುಖ್ಯಾಧ್ಯಾಪಕರು ವರ್ಗಾವಣೆ ಪತ್ರವನ್ನು ತಕ್ಷಣ ಕೊಡಬೇಕು. ಪತ್ರ ತಡವಾಯಿತೆಂಬ ಕಾರಣಕ್ಕೆ ಆ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇದನ್ನು ಪಾಲಕರಿಗೆ ಬಾಯಿಮಾತಿನಲ್ಲಿಯಾದರೂ ತಿಳಿಸಬೇಕು, ಏಕೆಂದರೆ ಕಾಗದವಿಲ್ಲವೆಂದು ಹೆದರಿ ಮಗುವನ್ನು ಮನೆಯಲ್ಲೇ ಇಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ದಾಖಲೆಯ ಜೊತೆಗೆ ಅರ್ಧ ಪುಟದ ಪತ್ರವನ್ನೂ ಇಡಿ. ನಮ್ಮ ಮಕ್ಕಳು ಓದುವುದು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಕನ್ನಡ ಪುಸ್ತಕಗಳನ್ನು, ಕರ್ನಾಟಕದ ಪಾಠಗಳು ಬೇರೆ. ಮಗುವಿಗೆ ಎಲ್ಲಿಯವರೆಗೆ ಭಾಗಾಕಾರ ಬರುತ್ತದೆ, ಓದು ಹೇಗಿದೆ ಎಂದು ಬರೆದರೆ ಅಲ್ಲಿಯ ಗುರುಗಳಿಗೆ ದಾರಿಯಾಗುತ್ತದೆ. ಕರ್ನಾಟಕದಲ್ಲಿ ಶಾಲೆಗಳು ನಮಗಿಂತ ಮೊದಲೇ, ಮೇ ಕೊನೆಯ ಹೊತ್ತಿಗೆ ತೆರೆಯುತ್ತವೆ. ಆದ್ದರಿಂದ ರಜೆ ಮುಗಿಯಲಿ ಎನ್ನಬೇಡಿ.

ಉತ್ತರ: ಹಳೆಯ ವಿದ್ಯಾರ್ಥಿ, ಡೊಂಬಿವಲಿ

ಮೇಡಂ, ನಾನೂ ಅಂಥದೇ ಮಗುವಾಗಿದ್ದೆ. ಐದನೆಯ ತರಗತಿಯ ನಡುವೆ ಊರಿಗೆ ಹೋದಾಗ ನನ್ನ ದಾಖಲೆ ಮರಾಠಿಯಲ್ಲಿತ್ತು, ಅದನ್ನು ಓದಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ, ನನ್ನನ್ನು ನಾಲ್ಕರಲ್ಲಿ ಕೂರಿಸಿದರು. ನೀವು ಕಳುಹಿಸುವ ಪತ್ರವನ್ನು ದಯವಿಟ್ಟು ಕನ್ನಡದಲ್ಲೇ ಬರೆಯಿರಿ. ಇನ್ನೊಂದು ಮಾತು: ಬೆಳಿಗ್ಗೆ ನಾಕಾದಲ್ಲಿ (ಕೂಲಿಯವರು ಕೆಲಸಕ್ಕಾಗಿ ಸೇರುವ ವೃತ್ತದಲ್ಲಿ) ಕೂಲಿಗೆ ನಿಲ್ಲುವವರು ಹತ್ತು ಗಂಟೆಯ ಪಾಲಕರ ಸಭೆಗೆ ಬಂದರೆ ಆ ದಿನದ ಸಂಬಳ ಹೋಗುತ್ತದೆ. ಸಭೆಯನ್ನು ಸಂಜೆ ಏಳರ ಮೇಲೆ, ಅದೂ ಸಂಕ್ರಾಂತಿಗೆ ಮುಂಚೆಯೇ ಕರೆದರೆ ಅವರು ಖಂಡಿತ ಬರುತ್ತಾರೆ.

ಮರು ಉತ್ತರ: ಮುಖ್ಯಾಧ್ಯಾಪಕಿ, ಮುಂಬಯಿ

ಸರ್ ಅವರಿಗೂ ಡೊಂಬಿವಲಿಯ ತಮ್ಮನಿಗೂ ಹೃತ್ಪೂರ್ವಕ ಕೃತಜ್ಞತೆಗಳು. ವರದಿಯ ಮೊದಲ ಪುಟವನ್ನು ತಿದ್ದಿ ಬರೆದೆ. ಕುಟುಂಬಗಳನ್ನು ಕೆಲಸಕ್ಕೆ ಕರೆತಂದಿದ್ದ ಮುಕಾದಮರನ್ನು ನಿನ್ನೆ ಭೇಟಿಯಾದಾಗ ನಾಲ್ಕು ಮಕ್ಕಳ ಊರು ಮತ್ತು ಫೋನ್ ಸಂಖ್ಯೆ ಸಿಕ್ಕವು. ಗಣಿತದ ಪಟ್ಟಿಯ ಆ ಹುಡುಗಿ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಳೆ. ದಾಖಲೆ, ಪತ್ರ ಮತ್ತು ಅವಳ ಗಣಿತದ ಪಟ್ಟಿಯನ್ನು ಸೋಮವಾರ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತಿದ್ದೇನೆ. ಇನ್ನಿಬ್ಬರ ಸುಳಿವು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.