1970 ಶೆವೆಲ್ ಮಾಲಿಬು: ಹೊಸ ಹೀಟರ್ ಕೋರ್ ಮತ್ತೆ ಸೋರ್ತಿದೆ, ಯಾಕೆ?

ಮಾಲಿಬು_70:
ಎಲ್ಲರಿಗೂ ನಮಸ್ಕಾರ. ಕಾರು 1970ರ ಶೆವರ್ಲೆ ಶೆವೆಲ್ ಮಾಲಿಬು, 350 ವಿ8 ಇಂಜಿನ್, ಏಸಿ ಇಲ್ಲದ್ದು. ನಾನಿರೋದು ಮಿಶಿಗನ್‌ನಲ್ಲಿ. ಹಿಂದಿನ ಮಾಲೀಕರು ಇದನ್ನ ಪೂರ್ತಿ ರಿಸ್ಟೋರ್ ಮಾಡಿಸಿದ್ರು. ಬಾಡಿಗೆ ಹೊಸ ಪೇಂಟ್, ಮುಂದಿನ ಬ್ರ್ಯಾಕೆಟ್‌ಗಳಿಗೆಲ್ಲ ಪೌಡರ್ ಕೋಟಿಂಗ್, ಅಲ್ಯೂಮಿನಿಯಂ ರೇಡಿಯೇಟರ್, ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್.

ನಾನು ತಗೊಂಡ ಮೇಲೆ ಹೀಟರ್ ಕೋರ್ (ಡ್ಯಾಶ್ ಹಿಂದೆ ಬಿಸಿ ಕೂಲಂಟ್ ಹರಿದು ಒಳಗೆ ಬಿಸಿಗಾಳಿ ಕೊಡೋ ಪುಟ್ಟ ರೇಡಿಯೇಟರ್) ಸೋರಿತು ಅಂತ ಒಂದು ಗ್ಯಾರೇಜಲ್ಲಿ ಹೊಸದು ಹಾಕಿಸಿದೆ. ಅದೂ ಅಲ್ಯೂಮಿನಿಯಂದೇ. ಎರಡು ಚಳಿಗಾಲ ಕಳೆದಿಲ್ಲ, ಪ್ಯಾಸೆಂಜರ್ ಕಡೆ ಕಾರ್ಪೆಟ್ ಮತ್ತೆ ಒದ್ದೆ. ಗ್ಯಾರೇಜಿನವರು "ಕೋರ್ ಕ್ವಾಲಿಟಿ ಈಗ ಹಂಗೇ" ಅಂತ ಕೈಚೆಲ್ಲಿದ್ರು. ಈ ಸಲ ನಾನೇ ಬಿಚ್ಚೋಣ ಅಂತಿದೀನಿ. ಡ್ಯಾಶ್ ಪೂರ್ತಿ ಇಳಿಸಬೇಕಾ? ತಾಮ್ರ-ಹಿತ್ತಾಳೆ ಕೋರ್ ಹಾಕೋದು ಒಳ್ಳೇದಾ? ಆಗಸ್ಟ್‌ನಲ್ಲಿ ಇಲ್ಲಿ ಹಳೇ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್ ಇದೆ, ಅಷ್ಟರೊಳಗೆ ರೆಡಿ ಆಗಬೇಕು.

ಗ್ರೀಸ್_ಗೌಡ:
ಬಿಚ್ಚೋಕೆ ಮುಂಚೆ ಒದ್ದೆ ಆಗ್ತಿರೋದು ಕೂಲಂಟೋ ಮಳೆ ನೀರೋ ನೋಡ್ಕೊಳ್ಳಿ. 68ರಿಂದ 72ರ ಶೆವೆಲ್‌ಗಳಲ್ಲಿ ವಿಂಡ್‌ಶೀಲ್ಡ್ ಸುತ್ತಲಿನ ಕ್ರೋಮ್ ಪಟ್ಟಿ ಅಡಿ ತುಕ್ಕು ಹಿಡಿದು ತೂತು ಬೀಳೋದು ಮಾಮೂಲು. ಮಳೆ ಬಂದಾಗ, ಕಾರ್ ತೊಳೆದಾಗ ನೀರು ಡ್ಯಾಶ್ ಹಿಂದಿಂದ ಇಳಿದು ನೇರ ಆ ಕಾರ್ಪೆಟ್ಟಿಗೇ ಬರುತ್ತೆ. ಪಾಪ, ಎಷ್ಟೋ ಜನ ಒಳ್ಳೇ ಕೋರ್ ಕಿತ್ತು ಬಿಸಾಕಿದಾರೆ.

ಬಿಳಿ ಟಿಶ್ಯೂ ಪೇಪರ್ ಒತ್ತಿ ನೋಡಿ. ಹಸಿರು ಬಣ್ಣ, ಬೆರಳಿಗೆ ಜಿಡ್ಡು, ಸಿಹಿ ವಾಸನೆ ಇದ್ರೆ ಕೂಲಂಟ್. ಡಿಫ್ರಾಸ್ಟ್ ಹಾಕಿದಾಗ ಗಾಜಿನ ಒಳಗೆ ಒರೆಸಿದ್ರೂ ಹೋಗದ ಎಣ್ಣೆ ಪೊರೆ ಕೂತ್ರೆ ಇನ್ನೇನೂ ಅನುಮಾನ ಬೇಡ. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ, ಕೂಲಂಟಲ್ಲಿರೋ ಎಥಿಲೀನ್ ಗ್ಲೈಕಾಲ್ ವಿಷ.

ಮಾಲಿಬು_70:
ಹಸಿರು, ಜಿಡ್ಡು, ಸಿಹಿ ವಾಸನೆ ಮೂರೂ ಇದೆ. ಗಾಜಿನ ಮೇಲೆ ಪೊರೆನೂ ಇದೆ. ಮಳೆ ಇಲ್ಲದ ದಿನವೂ ಒದ್ದೆ. ಪ್ರೆಷರ್ ಟೆಸ್ಟರ್ ಬಾಡಿಗೆಗೆ ತಂದು ಕೂಲಂಟ್ ಸಿಸ್ಟಮ್ಮನ್ನ 15 ಪಿಎಸ್‌ಐ ಒತ್ತಡಕ್ಕೆ ಪಂಪ್ ಮಾಡಿದೆ, ಮುಳ್ಳು ನಿಧಾನಕ್ಕೆ ಇಳೀತು. ಇಂಜಿನ್ ಕಡೆ ಎಲ್ಲೂ ಹನಿ ಇಲ್ಲ.

ಹುಬ್ಳಿ_ಹೆಮಿ:
ಕೋರೇ ಸೋರಾಕ್ಹತ್ತೇದ ಬಿಡ್ರಿ. ನಾಕು ಡಾಲರ್ ಹೆಚ್ಚಾದ್ರೂ ಚಿಂತಿಲ್ಲ, ತಾಮ್ರ-ಹಿತ್ತಾಳೇದ್ ಹಾಕ್ರಿ. ಕಂಪನಿಯಿಂದ ಬಂದಿದ್ದೂ ಅದ. ಈ ಅಲ್ಯೂಮಿನಿಯಂ ಡಬ್ಬಿಗಳ್ನ ನಂಬಬ್ಯಾಡ್ರಿ.

ಕಾರ್ಬ್_ಕಾಕಾ:
ಹುಬ್ಳಿಯವರ ಮಾತು ಅರ್ಧ ಒಪ್ತೀನಿ. ತಾಮ್ರ-ಹಿತ್ತಾಳೆ ಕೋರ್ ಸಿಕ್ಕರೆ ನಾನೂ ಅದನ್ನೇ ಆರಿಸ್ತೀನಿ. ಆದ್ರೆ ಮಾಲಿಬುವವರೇ, ಮೂರನೇ ಕೋರಿಗೆ ಈಗಲೇ ಆರ್ಡರ್ ಹಾಕ್ಬೇಡಿ. ಒಂದು ಹೋದ್ರೆ ವಯಸ್ಸಾಯ್ತು ಅನ್ನಬಹುದು. ಅದರ ಬೆನ್ನಿಗೇ ಹೊಸದೂ ತೂತಾಯ್ತು ಅಂದ್ರೆ ಕೋರನ್ನ ಯಾವುದೋ ತಿಂತಿದೆ. ಅದು ಯಾವುದು ಅಂತ ಗೊತ್ತಾಗದೆ ಏನು ಹಾಕಿದ್ರೂ ಹೊಳೇಲಿ ಹುಣಸೆಹಣ್ಣು ತೊಳೆದಂಗೆ.

ನೀವು ಬರೆದಿರೋ ಪಟ್ಟಿ ನೀವೇ ಮತ್ತೆ ಓದಿ: ಹೊಸ ಪೇಂಟ್, ಪೌಡರ್ ಕೋಟಿಂಗ್, ಎಲೆಕ್ಟ್ರಿಕ್ ಫ್ಯಾನ್. ನನ್ನ ಅನುಮಾನ ಪೂರ್ತಿ ಅರ್ತಿಂಗ್ ಮೇಲೆ. ಬ್ಯಾಟರಿ ನೆಗೆಟಿವ್ ದಪ್ಪ ಕೇಬಲ್ ಇಂಜಿನ್ನಿಗೆ ಹೋಗುತ್ತೆ. ಲೈಟು, ಬ್ಲೋವರ್ (ಹೀಟರ್ ಗಾಳಿ ಊದೋ ಫ್ಯಾನ್), ರೇಡಿಯೋ ಎಲ್ಲಾ ಅರ್ತ್ ಆಗಿರೋದು ಬಾಡಿಗೆ. ಬಾಡಿಯಿಂದ ಕರೆಂಟ್ ವಾಪಸ್ ಬರೋಕೆ ಬ್ಯಾಟರಿಯಿಂದ ಬಾಡಿಗೆ ಒಂದು ಸಣ್ಣ ವೈರು, ಇಂಜಿನ್ ಹಿಂಬದಿಯಿಂದ ಫೈರ್‌ವಾಲ್‌ಗೆ (ಇಂಜಿನ್ ಮತ್ತು ಸೀಟು ಕಡೆ ನಡುವಿನ ತಗಡು ಗೋಡೆ) ಒಂದು ಹೆಣೆದ ಲೋಹದ ಪಟ್ಟಿ ಇರಬೇಕು. ರಿಸ್ಟೋರ್ ಮಾಡುವಾಗ ಈ ಪಟ್ಟಿ ಡಬ್ಬದಲ್ಲೇ ಉಳ್ಕೊಳ್ಳೋದು, ಇಲ್ಲಾ ಹೊಸ ಪೇಂಟಿನ ಮೇಲೇ ಬೋಲ್ಟ್ ಬಿಗಿಯೋದು, ಎರಡೂ ನಾನು ಬೇಕಾದಷ್ಟು ನೋಡಿದೀನಿ. ಪೇಂಟು, ಪೌಡರ್ ಕೋಟಿಂಗ್ ಎರಡೂ ಕರೆಂಟ್ ಬಿಡಲ್ಲ. ದಾರಿ ಮುಚ್ಚಿದಾಗ ಕರೆಂಟು ಕೂಲಂಟಿನ ಮೂಲಕ ಇಂಜಿನ್ ಸೇರುತ್ತೆ. ಹೋಗ್ತಾ ಹೋಗ್ತಾ ದಾರಿಯಲ್ಲಿರೋ ತೆಳು ಲೋಹ ಕರಗಿಸುತ್ತೆ. ಕಾರಲ್ಲಿ ಎಲ್ಲಕ್ಕಿಂತ ತೆಳು ಹೀಟರ್ ಕೋರು, ಅದರ ಪಾಳಿ ಮುಗಿದ ಮೇಲೆ ರೇಡಿಯೇಟರು.

ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೀರಿ. ಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ಕೂಲಂಟ್ ಒಳಕ್ಕೆ. ರೇಡಿಯೇಟರ್ ಬಾಯಿಯ ಲೋಹಕ್ಕೆ ತಾಕಬಾರದು, ತಾಕಿದ್ರೆ ರೀಡಿಂಗ್ ಸುಳ್ಳು. ಮೊದಲು ಎಲ್ಲಾ ಆಫ್ ಇಟ್ಟು ಬರ್ಕೊಳ್ಳಿ. ಆಮೇಲೆ ಹೆಡ್‌ಲೈಟ್, ಬ್ಲೋವರ್, ಎಲೆಕ್ಟ್ರಿಕ್ ಫ್ಯಾನ್ ಒಂದೊಂದಾಗಿ ಹಾಕಿ, ಬೇರೆಯವರ ಕೈಲಿ ಸ್ಟಾರ್ಟರ್ ತಿರುಗಿಸಿ ನೋಡಿ. ಅಲ್ಯೂಮಿನಿಯಂ ಇರೋ ಸಿಸ್ಟಮ್‌ಗೆ 0.1 ವೋಲ್ಟ್ ಒಳಗಿದ್ರೆ ನೆಮ್ಮದಿ. 0.3 ದಾಟಿದ್ರೆ ಕಳ್ಳ ಇದಾನೆ ಅಂತ ಅರ್ಥ. ಯಾವ ಸ್ವಿಚ್ ಒತ್ತಿದಾಗ ಮೀಟರ್ ಜಿಗಿಯುತ್ತೋ ಅದರ ಅರ್ತ್ ಹುಡುಕಿ. ಎಲ್ಲಾ ಆಫ್ ಇದ್ದಾಗಲೇ ಜಾಸ್ತಿ ತೋರಿಸಿದ್ರೆ ಕೂಲಂಟೇ ಸತ್ತಿದೆ, ಬದಲಾಯಿಸಿ.

ಕಾಂಟೆಸ್ಸಾ_ಬಸವನಗುಡಿ:
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಂದು ಬೆಂಗಳೂರು, ಮಸಲ್ ಕಾರ್ ಅಲ್ಲ, ಕಾಂಟೆಸ್ಸಾ. ಇಲ್ಲಿ ಹೀಟರ್ ಸ್ವಿಚ್ ನೆನಪಾಗೋದೇ ಊಟಿ ಘಾಟ್ ಹತ್ತಿದಾಗ. ಆದ್ರೆ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕೋರು ಇಲ್ಲಿ ಜಾಸ್ತಿ. ಅದೂ ಹಿಂಗೇ ತಿನ್ನುತ್ತಾ?

ಕಾರ್ಬ್_ಕಾಕಾ:
ಗಡಸು ನೀರು ಒಳಗೆ ಸುಣ್ಣ ಕಟ್ಟಿಸಿ ಪೈಪ್ ಕಿರಿದು ಮಾಡುತ್ತೆ. ಜೊತೆಗೆ ಅದರಲ್ಲಿ ಲವಣ ಇರೋದ್ರಿಂದ ಕರೆಂಟೂ ಚೆನ್ನಾಗಿ ಹರಿಯುತ್ತೆ. ಡಿಸ್ಟಿಲ್ಡ್ ವಾಟರ್ ಹಾಕಿ, ಬ್ಯಾಟರಿ ಅಂಗಡೀಲಿ ಕ್ಯಾನ್‌ಗಟ್ಟಲೆ ಸಿಗುತ್ತೆ. ಬರೀ ನೀರಲ್ಲ, ಅರ್ಧಕ್ಕರ್ಧ ಕೂಲಂಟ್. ನಿಮಗೆ ಚಳಿಗಲ್ಲ, ತುಕ್ಕಿಗೆ ಬೇಕು.

ಮಾಲಿಬು_70:
ಕಾಕಾ, ಅಡ್ಡಬಿದ್ದೆ. ಎಲ್ಲಾ ಆಫ್: 0.06. ಹೆಡ್‌ಲೈಟ್: 0.19. ಎಲೆಕ್ಟ್ರಿಕ್ ಫ್ಯಾನ್: 0.47!

ಟಾರ್ಚ್ ಹಾಕಿ ನೋಡಿದ್ರೆ ಫ್ಯಾನಿನ ಕಪ್ಪು ವೈರನ್ನ ರೇಡಿಯೇಟರ್ ಹಿಡಿದಿರೋ ಬ್ರ್ಯಾಕೆಟ್ಟಿಗೆ ಒಂದು ಸಣ್ಣ ಸ್ಕ್ರೂನಲ್ಲಿ ಕಚ್ಚಿಸಿದಾರೆ. ಆ ಬ್ರ್ಯಾಕೆಟ್ ಪೂರ್ತಿ ಕಪ್ಪು ಪೌಡರ್ ಕೋಟಿಂಗ್. ಸ್ಕ್ರೂ ಸುತ್ತ ಬಿಳಿ ಪುಡಿ ಕಟ್ಟಿದೆ. ಫೈರ್‌ವಾಲ್ ಪಟ್ಟಿ ಇಲ್ಲವೇ ಇಲ್ಲ, ಬೋಲ್ಟ್ ತೂತು ಖಾಲಿ, ಅದರೊಳಗೂ ಪೇಂಟು.

ಗ್ರೀಸ್_ಗೌಡ:
0.47 ಅಂದ್ರೆ ಆ ಕೋರ್ ಇಷ್ಟು ದಿನ ಬದುಕಿದ್ದೇ ಹೆಚ್ಚು.

ಕಾರ್ಬ್_ಕಾಕಾ:
ಫ್ಯಾನಿನ ಕಪ್ಪು ವೈರು ರೇಡಿಯೇಟರ್ ಹತ್ತಿರವೂ ಸುಳಿಯಬಾರದು. ದಪ್ಪ ವೈರ್ ಹಾಕಿ ನೇರ ಬ್ಯಾಟರಿ ನೆಗೆಟಿವ್‌ಗೆ ತನ್ನಿ. ಫೈರ್‌ವಾಲ್ ಪಟ್ಟಿ ಹೊಸದು ತಗೊಳ್ಳಿ, ಎರಡೂ ತುದೀಲಿ ಬಿಳಿ ಲೋಹ ಕಾಣೋ ತನಕ ಉಜ್ಜಿ ಬಿಗೀರಿ. ಬ್ಯಾಟರಿಯಿಂದ ಬಾಡಿಗೆ ಬರೋ ಸಣ್ಣ ವೈರಿನ ಜಾಗಾನೂ ಉಜ್ಜಿ. ಆಮೇಲೆ ಇನ್ನೊಮ್ಮೆ ಅಳೀರಿ. 0.1 ಒಳಗೆ ಬಂದ ಮೇಲೇ ಕೋರ್ ಆರ್ಡರ್.

ಈಗ ಬಿಚ್ಚೋ ವಿಷಯ. ಏಸಿ ಇಲ್ಲದ ಕಾರಾದ್ರಿಂದ ಡ್ಯಾಶ್ ಇಳಿಸೋದು ಬೇಡ. ಬ್ಯಾಟರಿ ನೆಗೆಟಿವ್ ತೆಗೆದು, ರೇಡಿಯೇಟರ್ ಕೆಳಗಿನ ನಲ್ಲಿಯಿಂದ ಕೂಲಂಟ್ ಇಳಿಸಿ. ಬೇಸನ್ ಹಂಗೇ ಬಿಟ್ಟು ಒಳಗೆ ಹೋಗಬೇಡಿ, ಸಿಹಿ ಅಂತ ನಾಯಿ ಬೆಕ್ಕು ನೆಕ್ಕುತ್ವೆ. ಫೈರ್‌ವಾಲ್ ಹತ್ರ ಎರಡು ಹೋಸ್: ಒಂದು 5/8 ಇಂಚು, ಇನ್ನೊಂದು 3/4. ಅಳತೆ ಬೇರೆ ಬೇರೆ ಇರೋದ್ರಿಂದ ಅದಲುಬದಲಾಗೋ ಭಯ ಇಲ್ಲ. ಹೋಸ್ ತಿರುಚಿ ಎಳೀಬೇಡಿ. ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಸುಲಿದುಬಿಡಿ, ಹೋಸ್ ಹೊಸದೇ ಹಾಕ್ತೀರಲ್ಲ. ಒಂದು ಕೊಳವೆಗೆ ಮೆಲ್ಲಗೆ ಗಾಳಿ ಬಿಟ್ಟು ಕೋರಿನಲ್ಲಿ ಉಳಿದಿರೋದನ್ನ ಇಂಜಿನ್ ಕಡೆಯೇ ಹೊರಗೆ ಹಾಕಿ, ಕಾರ್ಪೆಟ್ ಉಳಿಯುತ್ತೆ.

ಹೀಟರ್ ಕೇಸ್ ಹಿಡಿದಿರೋ ಫೈರ್‌ವಾಲ್ ನಟ್‌ಗಳಲ್ಲಿ ಒಂದು ಬಲಗಡೆ ಇನ್ನರ್ ಫೆಂಡರ್ (ಚಕ್ರದ ಮೇಲಿನ ಒಳತಗಡು) ಹಿಂದೆ ಅಡಗಿರುತ್ತೆ. ಇಡೀ ಕೆಲಸದಲ್ಲಿ ಬೈಸಿಕೊಳ್ಳೋದು ಅದೊಂದೇ. ಕೆಲವರು ಇನ್ನರ್ ಫೆಂಡರ್‌ಗೆ ತೂತು ಕೊರೆದು ಸಾಕೆಟ್ ತೂರಿಸ್ತಾರೆ. ನಿಮ್ಮ ಹೊಸ ಪೇಂಟಿಗೆ ಅದು ಬೇಡ. ಫೆಂಡರ್‌ನ ಹಿಂಬದಿ ಬೋಲ್ಟ್‌ಗಳನ್ನ ಸಡಿಲಿಸಿ, ಸಂದೀಲಿ ಬಟ್ಟೆ ಸುತ್ತಿದ ಮರದ ತುಂಡು ಸಿಗಿಸಿ, ಉದ್ದ ಎಕ್ಸ್‌ಟೆನ್ಷನ್ ಹಾಕಿ. ಬೆರಳಿಗೆ ನಟ್ ಸಿಗುತ್ತೆ, ಕಣ್ಣಿಗೆ ಸಿಗಲ್ಲ. ಬಿಚ್ಚೋ ಹಿಂದಿನ ರಾತ್ರಿನೇ ಎಲ್ಲಾ ನಟ್‌ಗೂ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ, ಇಲ್ಲದಿದ್ರೆ ಸ್ಟಡ್ ಮುರಿದುಬರುತ್ತೆ.

ಒಳಗೆ ಗ್ಲೋವ್ ಬಾಕ್ಸ್ ತೆಗೀರಿ, ಗಾಳಿಯ ಡಕ್ಟ್ ಬಿಡಿಸಿ, ಕಂಟ್ರೋಲ್ ಕೇಬಲ್ ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆದು ಬಿಡಿಸಿ. ಕೇಬಲ್ ಮಡಚಬಾರದು, ಒಮ್ಮೆ ಮಡಚಿದ್ರೆ ಲಿವರ್ ಗಟ್ಟಿಯಾಗೇ ಉಳಿಯುತ್ತೆ. ಕೇಸನ್ನ ನೇರ ಹಿಂದಕ್ಕೆ, ಆಮೇಲೆ ಕೆಳಕ್ಕೆ. ಕೋರ್ ಆ ಕೇಸಲ್ಲೇ ಪಟ್ಟಿಯಲ್ಲಿ ಕೂತಿರುತ್ತೆ. ಅಲ್ಲಿರೋ ಒಣಗಿದ ಎಲೆ, ಇಲಿ ಗೂಡು ಎಲ್ಲಾ ಗುಡಿಸಿ. ಹೊಸ ಕೋರ್ ಸುತ್ತ ಫೋಮ್ ಪಟ್ಟಿ ಹಾಕದಿದ್ರೆ ಗಾಳಿ ಕೋರ್ ಬಿಟ್ಟು ಪಕ್ಕದಿಂದ ನುಸುಳುತ್ತೆ, ಕೋರ್ ಹೊಸದಾದ್ರೂ ಹೀಟರ್ ಬೆಚ್ಚಗಾಗಲ್ಲ. ಕೇಸ್ ಮತ್ತು ಫೈರ್‌ವಾಲ್ ನಡುವೆ ಕಪ್ಪು ಮೇಣದಂಥ ಸೀಲರ್ ಹಗ್ಗ ಸುತ್ತಲೂ ಒತ್ತಿ.

ಹೊಸ ಕೋರ್ ಹಾಕೋಕೆ ಮುಂಚೆ ಬಕೆಟ್ ನೀರಲ್ಲಿ ಮುಳುಗಿಸಿ 10 ಪಿಎಸ್‌ಐ ಗಾಳಿ ಬಿಟ್ಟು ಗುಳ್ಳೆ ನೋಡಿ. ಡಬ್ಬದಿಂದಲೇ ಸೋರೋವೂ ಇರ್ತವೆ. ಕ್ಲ್ಯಾಂಪ್ ಶಕ್ತಿ ಇದೆ ಅಂತ ತಿರುಗಿಸಬೇಡಿ, ಕೊಳವೆ ಚಪ್ಪಟೆಯಾಗುತ್ತೆ. ಗ್ಲೋವ್ ಬಾಕ್ಸ್ ವಾಪಸ್ ಹಾಕೋದು ಪ್ರೆಷರ್ ಟೆಸ್ಟ್ ಮುಗಿದ ಮೇಲೆ. ಮುಚ್ಚಳ 15 ಪಿಎಸ್‌ಐಯದ್ದೇ ಇರಲಿ, ಅದಕ್ಕಿಂತ ಜಾಸ್ತೀದು ಯಾರಾದ್ರೂ ಹಾಕಿದಾರಾ ನೋಡಿ.

ಹುಬ್ಳಿ_ಹೆಮಿ:
ಕಾಕಾ, ನಮಸ್ಕಾರ್ರಿ. ನನ್ನ ಗಾಡಿದೂ ನಾಳೆ ಅಳೀತೀನಿ. ಮಾಲಿಬು ಸಾಹೇಬ್ರ, ಕೋರ್ ಬರೂದು ತಡ ಆದ್ರ ಹೀಟರ್ ಬಿಟ್ಟು ಇಂಜಿನ್ ಮ್ಯಾಲಿನ ಇಂಟೇಕ್‌ನಿಂದ ವಾಟರ್ ಪಂಪಿಗೆ ಹೋಸ್ ನೇರ ಜೋಡಿಸಿ ಕ್ರೂಸಿಗೆ ಹೊಂಡ್ರಿ. ಎರಡು ಬಾಯಿ ಅಳತೆ ಬ್ಯಾರೆ ಇರ್ತಾವು, 5/8ರಿಂದ 3/4ರ ಜಾಯಿಂಟ್ ಬೇಕಾಗ್ತದ.

ಗ್ರೀಸ್_ಗೌಡ:
ಹೋಗಬಹುದು. ಆದ್ರೆ ವುಡ್‌ವರ್ಡ್‌ನಲ್ಲಿ ಆಗಸ್ಟ್ ಬಿಸಿಲಿಗೆ ಆಮೆ ನಡಿಗೆ. ಟೆಂಪರೇಚರ್ ಏರಿದಾಗ ಕಿಟಕಿ ಇಳಿಸಿ ಹೀಟರ್ ಫುಲ್ ಹಾಕಿ ಇಂಜಿನ್ ಉಳಿಸ್ಕೊಳ್ಳೋ ಹಳೇ ಉಪಾಯ ಆಗ ಇರಲ್ಲ. ಕೋರ್ ಹಾಕ್ಕೊಂಡೇ ಹೋಗಿ ಅಂತ ನನ್ನ ಮಾತು.

ಮಾಲಿಬು_70:
ಕೆಲಸ ಮುಗೀತು. ಫ್ಯಾನ್ ಅರ್ತ್ ಬ್ಯಾಟರಿಗೆ ತಂದೆ, ಫೈರ್‌ವಾಲ್ ಪಟ್ಟಿ ಹಾಕಿದೆ, ಕೂಲಂಟ್ ಪೂರ್ತಿ ಫ್ಲಶ್ ಮಾಡಿ ಹೊಸದು ತುಂಬಿದೆ. ಈಗ ಫ್ಯಾನ್, ಹೆಡ್‌ಲೈಟ್, ಬ್ಲೋವರ್ ಎಲ್ಲಾ ಒಟ್ಟಿಗೆ ಹಾಕಿದ್ರೂ 0.04. ಹಳೇ ಕೋರ್ ಬಕೆಟ್ಟಿಗೆ ಇಳಿಸಿದಾಗ ಗುಳ್ಳೆ ಬಂದಿದ್ದು ಒಂದು ಕಡೆಯಿಂದ ಅಲ್ಲ. ಸೂಜಿ ಮೊನೆಯಷ್ಟು ತೂತುಗಳು ಸಾಲಾಗಿ, ಸುತ್ತ ಬಿಳಿ ಪುಡಿ, ಫ್ಯಾನ್ ಸ್ಕ್ರೂ ಹತ್ರ ಇತ್ತಲ್ಲ, ಅದೇ ಥರದ್ದು. ಈ ಸಲ ತಾಮ್ರ-ಹಿತ್ತಾಳೇದೇ ಹಾಕಿದೀನಿ. 15 ಪಿಎಸ್‌ಐಗೆ ಮುಳ್ಳು ಅಲ್ಲಾಡ್ತಿಲ್ಲ.

ಒಂದೇ ಕಾಟ ಉಳಿದಿದೆ: ಬ್ಲೋವರ್ ಈಗ ಹೈ ಸ್ಪೀಡಲ್ಲಿ ಮಾತ್ರ ಓಡುತ್ತೆ. ಲೋ, ಮೀಡಿಯಂ ಇಲ್ಲ. ಮುಂಚೆ ಮೂರೂ ಇತ್ತು.

ಗ್ರೀಸ್_ಗೌಡ:
ಹೈ ಓಡ್ತಿದೆ ಅಂದ್ರೆ ಮೋಟರ್ ಚೆನ್ನಾಗಿದೆ. ಲೋ, ಮೀಡಿಯಂ ಎರಡೂ ರೆಸಿಸ್ಟರ್ ಮೂಲಕ ಹೋಗ್ತವೆ, ಹೈಗೆ ಅದು ಬೇಡ. ಇಂಜಿನ್ ಕಡೆ ಬ್ಲೋವರ್ ಕೇಸ್ ಮೇಲೆ ಇರೋ ರೆಸಿಸ್ಟರ್ ಪ್ಲಗ್ ನೋಡಿ, ನಟ್ ಬಿಚ್ಚುವಾಗ ಕೈ ತಾಗಿರುತ್ತೆ.

ಮಾಲಿಬು_70:
ಪ್ಲಗ್ ಅರ್ಧ ಕಳಚಿತ್ತು. ಒತ್ತಿದೆ, ಮೂರೂ ಸ್ಪೀಡ್ ಬಂತು. ಈ ಥ್ರೆಡ್‌ಗೆ "ಪರಿಹಾರವಾಗಿದೆ" ಅಂತ ಹಾಕ್ತಿದೀನಿ.